‘ನಂಗೇನಾಗಿದೆ ಈಗ?’ ಅನ್ನುವ ಅಪ್ಪ ಅಮ್ಮನನ್ನು ವ್ಯಾಯಾಮಕ್ಕೆ ಎಬ್ಬಿಸುವುದು ಹೇಗೆ, ಬೀಳದಂತೆ ನೋಡಿಕೊಳ್ಳುವುದು ಹೇಗೆ

ನಮ್ಮಮ್ಮನಿಗೆ ಈಗ 78. ಮೂರು ವರ್ಷದ ಹಿಂದೆ ಹಾಸನದ ಮನೆಯ ಬಚ್ಚಲಲ್ಲಿ ಕಾಲು ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್ ಹಾಕಿದರು, ಮೂಳೆ ಕೂಡಿಕೊಂಡಿತು. ತೊಂದರೆ ಶುರುವಾದದ್ದು ಆಮೇಲೆ. ಬೆಳಿಗ್ಗೆ ದೇವಸ್ಥಾನಕ್ಕೆ ಹೋಗುವುದು ನಿಂತಿತು. ತಾರಸಿ ಮೇಲೆ ಸಂಡಿಗೆ ಒಣಗಿಸುವುದು ನಿಂತಿತು. ಅವಳಿಗೆ ಭಯ, ನಮಗೆ ಅವಳಿಗಿಂತ ಜಾಸ್ತಿ ಭಯ. ‘ನೀನು ಕೂತ್ಕೋಮ್ಮ, ನಾವು ಮಾಡ್ತೀವಿ’ ಅಂತ ಕೂತಲ್ಲಿಗೇ ಕಾಫಿ ಕೊಟ್ಟೆವು, ಊಟದ ತಟ್ಟೆ ಕೊಟ್ಟೆವು, ಕೊನೆಗೆ ಟಿವಿ ರಿಮೋಟನ್ನೂ ಕೈಗಿಟ್ಟೆವು. ಆರು ತಿಂಗಳಲ್ಲಿ ಸೋಫಾದಿಂದ ಏಳಬೇಕಾದರೆ ಯಾರಾದರೂ ಕೈ ಕೊಡಬೇಕು ಅನ್ನುವ ಹಾಗಾಯಿತು. ಬಿದ್ದದ್ದು ಅವಳ ಕೈಯನ್ನು ಮುರಿಯಿತು. ಕಾಲನ್ನು ಹಾಳು ಮಾಡಿದವರು ನಾವು.

ಬೀಳುವುದನ್ನು ನಾವು ಸಣ್ಣ ವಿಷಯ ಅಂದುಕೊಂಡಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯದ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಇದೇ ಎರಡನೆಯದು. ಅದರಲ್ಲೂ 60 ದಾಟಿದವರೇ ಹೆಚ್ಚು. ಆದರೆ ಇದು ಹಣೆಬರಹ ಅಲ್ಲ. 2019ರಲ್ಲಿ ಕಾಕ್ರೇನ್ ಎಂಬ ಸಂಶೋಧಕರ ಬಳಗ 108 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. 25 ದೇಶಗಳ 23 ಸಾವಿರಕ್ಕೂ ಹೆಚ್ಚು ಹಿರಿಯರು ಅದರಲ್ಲಿದ್ದರು. ವ್ಯಾಯಾಮ ಮಾಡಿದವರಲ್ಲಿ ಬೀಳುವುದು ಸುಮಾರು ಕಾಲುಭಾಗ, ಅಂದರೆ 23% ಕಡಿಮೆಯಾಗಿತ್ತು.

ಈ ಲೇಖನ ಮುಖ್ಯವಾಗಿ ವಯಸ್ಸಾದ ಅಪ್ಪ ಅಮ್ಮ, ಅತ್ತೆ ಮಾವ ಇರುವವರಿಗೆ. ನೀವೇ 70 ದಾಟಿದ್ದರೆ ಮೊದಲ ಭಾಗ ಓದಿ ನಕ್ಕುಬಿಡಿ, ಎರಡನೆಯದರಿಂದ ಶುರು ಮಾಡಿ.

1. ಮೊದಲು ಮಾತು ಬದಲಾಗಲಿ

‘ಅಪ್ಪಾ ಹುಷಾರು, ಬಿದ್ದೀರಿ!’ ಇದು ನಾವೆಲ್ಲ ದಿನಕ್ಕೆ ಹತ್ತು ಸಲ ಹೇಳುವ ಮಾತು. ಇದರಿಂದ ಯಾರೂ ಬೀಳುವುದು ತಪ್ಪಿಲ್ಲ. ಬ್ರಿಟನ್ನಿನಲ್ಲಿ ಲೂಸಿ ಯಾರ್ಡ್ಲಿ ಎಂಬ ಮನೋವಿಜ್ಞಾನಿ ಮತ್ತು ಜೊತೆಗಾರರು ಹಿರಿಯರನ್ನೇ ಕೂರಿಸಿ ಈ ಬಗ್ಗೆ ಕೇಳಿದರು. 2006ರಲ್ಲಿ ಬಂದ ಆ ಅಧ್ಯಯನದಲ್ಲಿ ಕಂಡದ್ದು ಇಷ್ಟು: ಬೀಳದಂತೆ ಕೊಡುವ ಸಲಹೆ ಒಳ್ಳೆಯದೇ, ಆದರೆ ಅದು ನನಗಲ್ಲ, ನನಗಿಂತ ವಯಸ್ಸಾದವರಿಗೆ, ಸೋತವರಿಗೆ. ಹೆಚ್ಚಿನವರ ಧೋರಣೆ ಇದೇ. ನಮ್ಮಲ್ಲಿ ಬೇರೆ ಏನಿದೆ? 82ರ ಅಜ್ಜ ಕೂಡ ಪಾರ್ಕಿನಲ್ಲಿ ಇನ್ನೊಬ್ಬರನ್ನು ತೋರಿಸಿ ‘ಪಾಪ, ವಯಸ್ಸಾಗಿದೆ ಅವರಿಗೆ’ ಅನ್ನುತ್ತಾರೆ.

ಹಾಗಾಗಿ ಬೀಳುವ ಸುದ್ದಿಯನ್ನೇ ಎತ್ತಬೇಡಿ. ಏನು ಮಾಡಬೇಕು ಅಂತ ಆಸೆ ಇದೆ ಎಂದು ಕೇಳಿ. ನಮ್ಮಮ್ಮನನ್ನು ಕೇಳಿದಾಗ ಉತ್ತರ ತಕ್ಷಣ ಬಂತು: ‘ಹಾಸನಾಂಬೆ ದರ್ಶನಕ್ಕೆ ಕ್ಯೂನಲ್ಲಿ ನಿಂತೇ ಹೋಗ್ಬೇಕು. ನೀವು ವೀಲ್‌ಚೇರ್ ಗೀಲ್‌ಚೇರ್ ತರಕೂಡದು.’ ಹಾಸನಾಂಬೆ ಗುಡಿಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನಲ್ಲಿ. ಕ್ಯೂ ಎಷ್ಟಿರುತ್ತದೆ ಅಂತ ಊರಿನವರಿಗೆ ಗೊತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ವ್ಯಾಯಾಮ ಅನ್ನುವ ಪದವೇ ಇಲ್ಲ. ‘ಕ್ಯೂಗೆ ಕಾಲು ರೆಡಿ ಮಾಡೋದು’ ಅಷ್ಟೇ. ನಿಮ್ಮ ಮನೆಯಲ್ಲಿ ಅದು ಮೊಮ್ಮಗನನ್ನು ಎತ್ತಿಕೊಳ್ಳುವುದಿರಬಹುದು, ತೋಟಕ್ಕೆ ಒಬ್ಬರೇ ಹೋಗಿಬರುವುದಿರಬಹುದು, ಯಾರ ಹಂಗೂ ಇಲ್ಲದೆ ಸ್ನಾನ ಮಾಡುವುದಿರಬಹುದು.

ಆಮೇಲೂ ನೆಪಗಳು ಬರುತ್ತವೆ. ನೆಪ ಅಂದೆ, ಆದರೆ ಒಂದೊಂದರಲ್ಲೂ ಸ್ವಲ್ಪ ನಿಜ ಇರುತ್ತದೆ. ಅದನ್ನು ಒಪ್ಪಿಕೊಂಡು ಮಾತಾಡಿದರೆ ಕೇಳುತ್ತಾರೆ.

‘ಮನೆ ಕೆಲಸ ಮಾಡ್ತೀನಲ್ಲ, ಅದೇ ವ್ಯಾಯಾಮ.’ ಹಿಂದೆ ಇದು ಪೂರ್ತಿ ನಿಜ. ಬಾವಿಯಿಂದ ನೀರು ಸೇದುವುದು, ಒರಳಲ್ಲಿ ರುಬ್ಬುವುದು, ಬಗ್ಗಿ ರಂಗೋಲಿ, ನೆಲದ ಮೇಲೆ ಕೂತು ಊಟ. ಬರೀ ಕೂತು ಏಳುವುದೇ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಆಗುತ್ತಿತ್ತು. ಈಗ ಮಿಕ್ಸಿ, ನಲ್ಲಿ, ಡೈನಿಂಗ್ ಟೇಬಲ್, ಕಮೋಡ್. ಯಾವುದೂ ತಪ್ಪಲ್ಲ, ಮಂಡಿ ನೋವಿನವರಿಗೆ ಕಮೋಡ್ ಇಲ್ಲದೆ ಆಗುವುದೂ ಇಲ್ಲ. ಆದರೆ ಲೆಕ್ಕದಿಂದ ಕಳೆದುಹೋದದ್ದನ್ನು ಬೇರೆ ರೀತಿಯಲ್ಲಿ ಕೂಡಿಸಬೇಕು.

‘ದಿನಾ ವಾಕಿಂಗ್ ಹೋಗ್ತೀನಿ.’ ಬಹಳ ಒಳ್ಳೆಯದು, ಬಿಡಬೇಡಿ. ಹೃದಯಕ್ಕೆ, ಶುಗರ್‌ಗೆ, ಮನಸ್ಸಿಗೆ ವಾಕಿಂಗ್ ಬೇಕೇ ಬೇಕು. ಆದರೆ ಬರೀ ವಾಕಿಂಗ್‌ನಿಂದ ಬೀಳುವುದು ಕಡಿಮೆಯಾಗುತ್ತದೆ ಅನ್ನಲು ಆ 108 ಪ್ರಯೋಗಗಳಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ. ಕೆಲಸ ಮಾಡಿದ್ದು ಸಮತೋಲನದ ಅಭ್ಯಾಸ, ಅದರ ಜೊತೆಗೆ ಸೇರಿಸಿದ ಕಾಲಿನ ಶಕ್ತಿಯ ವ್ಯಾಯಾಮ.

‘ಈ ವಯಸ್ಸಲ್ಲಿ ಇನ್ನೇನು ಶಕ್ತಿ ಬರುತ್ತೆ?’ ಬರುತ್ತದೆ. 1990ರಲ್ಲಿ ಅಮೆರಿಕದ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ 90ರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರ ಎತ್ತುವ ತರಬೇತಿ ಕೊಟ್ಟರು. ಪೂರ್ತಿ ಮುಗಿಸಿದವರ ತೊಡೆಯ ಶಕ್ತಿ ಸರಾಸರಿ 174% ಹೆಚ್ಚಾಯಿತು. ಈ ಸುದ್ದಿ ನಮ್ಮಮ್ಮನಿಗೆ ಹೇಳಿದಾಗ ‘90ರವರಾ?’ ಅಂತ ಎರಡು ಸಲ ಕೇಳಿದಳು.

‘ಮಂಡಿ ನೋವು.’ ಇದು ನಿಜವಾದ ಅಡ್ಡಿ. ಸವೆದ ಮಂಡಿಗೆ ತೊಡೆಯ ಸ್ನಾಯುವೇ ಆಸರೆ. ಅದು ಬಲವಾದರೆ ಎಷ್ಟೋ ಜನಕ್ಕೆ ನೋವೇ ಕಡಿಮೆಯಾಗುತ್ತದೆ. ಒಂದೇ ನಿಯಮ: ಮಾರನೆ ದಿನ ತೊಡೆ, ಮೀನಖಂಡ ಸ್ವಲ್ಪ ಹಿಡಿದುಕೊಂಡ ಹಾಗಾದರೆ ಪರವಾಗಿಲ್ಲ. ಮಂಡಿಯೊಳಗೆ ಚುಚ್ಚಿದ ಹಾಗಾದರೆ ಅಥವಾ ಊತ ಬಂದರೆ ಆ ವ್ಯಾಯಾಮ ನಿಲ್ಲಿಸಿ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

‘ಬಿದ್ದುಬಿಟ್ರೆ?’ ಒಮ್ಮೆ ಬಿದ್ದವರಿಗೆ ಈ ಭಯ ಗಟ್ಟಿಯಾಗಿ ಕೂತಿರುತ್ತದೆ. ಭಯಕ್ಕೆ ಓಡಾಟ ಕಡಿಮೆ, ಓಡಾಟ ಕಡಿಮೆಯಾದರೆ ಕಾಲು ಸೋಲುತ್ತದೆ, ಕಾಲು ಸೋತರೆ ಮತ್ತೆ ಬೀಳುವುದು. ಯೇಲ್ ವಿಶ್ವವಿದ್ಯಾಲಯದ ಡಾಕ್ಟರ್ ಮೇರಿ ಟಿನೆಟ್ಟಿ 1990ರಲ್ಲಿ ಈ ಭಯವನ್ನು ಅಳೆಯುವ ಒಂದು ಪ್ರಶ್ನೆಪಟ್ಟಿಯನ್ನು ಬಳಕೆಗೆ ತಂದರು. ಬಹಳ ಸರಳ. ಬೀಳದೆ ಸ್ನಾನ ಮಾಡಬಲ್ಲೆ ಅನ್ನುವ ಧೈರ್ಯ ಎಷ್ಟಿದೆ? ಹಾಸಿಗೆಯಿಂದ ಏಳುವುದಕ್ಕೆ? ಬಾಗಿಲು ಬಡಿದರೆ ಹೋಗಿ ತೆಗೆಯುವುದಕ್ಕೆ? ಕಪಾಟಿನಿಂದ ಏನಾದರೂ ತೆಗೆಯುವುದಕ್ಕೆ? ಕಾಫಿ ಕುಡಿಯುತ್ತಾ ಇಂಥ ನಾಲ್ಕು ಪ್ರಶ್ನೆ ಕೇಳಿ. ಭಯ ಎಲ್ಲಿದೆ ಅಂತ ಗೊತ್ತಾದರೆ ಎಲ್ಲಿಂದ ಶುರು ಮಾಡಬೇಕು ಅಂತಲೂ ಗೊತ್ತಾಗುತ್ತದೆ. ನಮ್ಮಮ್ಮನಿಗೆ ಭಯ ಇದ್ದದ್ದು ಬಚ್ಚಲಲ್ಲಿ ಅಲ್ಲ, ಹಾಲ್‌ನ ನುಣುಪು ಟೈಲ್ಸ್ ಮೇಲೆ. ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

2. ಎರಡು ಸಣ್ಣ ಪರೀಕ್ಷೆ

ಇವಕ್ಕೆ ಬೇಕಾದದ್ದು ಒಂದು ಕುರ್ಚಿ, ಒಂದು ಗಡಿಯಾರ, ಪಕ್ಕದಲ್ಲಿ ನೀವು. ನೀವು ಪಕ್ಕದಲ್ಲೇ ನಿಂತಿರಬೇಕು, ಎದುರಿಗೆ ಕೂತು ಮೊಬೈಲ್‌ನಲ್ಲಿ ವಿಡಿಯೋ ಮಾಡುವುದಲ್ಲ.

ಮೊದಲನೆಯದು ಕುರ್ಚಿ ಪರೀಕ್ಷೆ. ಕೈ ಇಲ್ಲದ, ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲರು ಎಣಿಸಿ. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಲೆಕ್ಕದಲ್ಲಿ 65ರಿಂದ 69ರ ಗಂಡಸರು 12, ಹೆಂಗಸರು 11 ಸಲವಾದರೂ ಮಾಡಬೇಕು. 70ರಿಂದ 74ಕ್ಕೆ 12 ಮತ್ತು 10. 75ರಿಂದ 79ಕ್ಕೆ 11 ಮತ್ತು 10. 80ರಿಂದ 84ಕ್ಕೆ 10 ಮತ್ತು 9. ಇದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು. ಕೈ ಊರದೆ ಏಳಲು ಆಗಲೇ ಇಲ್ಲ ಅಂದರೆ ಲೆಕ್ಕ ಸೊನ್ನೆ. ನಮ್ಮಮ್ಮನ ಮೊದಲ ಲೆಕ್ಕ ಅದೇ ಆಗಿತ್ತು. ಬೇಜಾರು ಮಾಡಿಕೊಳ್ಳಬೇಡಿ, ತಾರೀಖು ಹಾಕಿ ಕ್ಯಾಲೆಂಡರ್ ಮೇಲೆ ಬರೆದಿಡಿ.

ಎರಡನೆಯದು ನಿಲ್ಲುವ ಪರೀಕ್ಷೆ. ಅಡುಗೆಮನೆ ಕಟ್ಟೆಯ ಪಕ್ಕ ನಿಲ್ಲಿಸಿ. ಮೊದಲು ಎರಡೂ ಪಾದ ಜೋಡಿಸಿ 10 ಸೆಕೆಂಡ್. ಆಮೇಲೆ ಒಂದು ಪಾದವನ್ನು ಅರ್ಧ ಮುಂದೆ ಇಟ್ಟು 10 ಸೆಕೆಂಡ್. ಮೂರನೆಯದು, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ನೇರ ಸಾಲಿನಲ್ಲಿ. ಕೊನೆಯದು ಒಂಟಿ ಕಾಲು. ಮೂರನೆಯದರಲ್ಲಿ ಕೈ ಹಿಡಿಯದೆ 10 ಸೆಕೆಂಡ್ ನಿಲ್ಲಲು ಆಗದಿದ್ದರೆ ಸಮತೋಲನ ಕೈಕೊಟ್ಟಿದೆ ಅಂತ ಅರ್ಥ.

3. ಶುರು ಮಾಡುವ ಮೊದಲು ಡಾಕ್ಟರ ಹತ್ತಿರ ಒಂದು ಸಲ

ಒಂದು ವರ್ಷದಲ್ಲಿ ಎರಡು ಸಲ ಬಿದ್ದಿದ್ದರೆ, ಕಣ್ಣು ಕತ್ತಲೆ ಬಂದು ಬಿದ್ದಿದ್ದರೆ, ಪಾರ್ಶ್ವವಾಯು ಆಗಿದ್ದರೆ, ಪಾರ್ಕಿನ್ಸನ್ ಇದ್ದರೆ, ಈಚೆಗೆ ಆಪರೇಷನ್ ಆಗಿದ್ದರೆ, ನಡೆದಾಗ ಎದೆ ಹಿಡಿದುಕೊಂಡ ಹಾಗಾಗುತ್ತಿದ್ದರೆ ಡಾಕ್ಟರನ್ನು ಕೇಳದೆ ಏನೂ ಶುರು ಮಾಡಬೇಡಿ. ಉಳಿದವರೂ ಒಮ್ಮೆ ಹೋಗಿಬಂದರೆ ಒಳ್ಳೆಯದು. ಹೋಗುವಾಗ ಮನೆಯಲ್ಲಿರುವ ಅಷ್ಟೂ ಮಾತ್ರೆಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಆಯುರ್ವೇದದ ಪುಡಿ, ಮೆಡಿಕಲ್ ಶಾಪಿನವನು ಕೊಟ್ಟ ನೆಗಡಿ ಮಾತ್ರೆ, ಪಕ್ಕದ ಮನೆಯವರು ‘ಇದು ಚೆನ್ನಾಗಿದೆ’ ಅಂತ ಕೊಟ್ಟ ನಿದ್ದೆ ಮಾತ್ರೆ, ಎಲ್ಲವೂ. ನಿದ್ದೆ ಮಾತ್ರೆ, ಕೆಲವು ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ಶುಗರ್ ತೀರಾ ಇಳಿಸುವ ಮಾತ್ರೆ, ತೂಕಡಿಕೆ ತರಿಸುವ ಅಲರ್ಜಿ ಮಾತ್ರೆ, ಇವೆಲ್ಲ ಬೀಳಿಸುವ ಮಾತ್ರೆಗಳೇ. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ. ‘ಇದರಲ್ಲಿ ಯಾವುದನ್ನಾದರೂ ಕಡಿಮೆ ಮಾಡಬಹುದಾ?’ ಅಂತ ಕೇಳಿ.

ಬಿಪಿಯನ್ನು ಮಲಗಿದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ನೋಡಲು ಹೇಳಿ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಬೆಳಗಿನ ಜಾವ ಎದ್ದ ಕೂಡಲೇ ತಲೆ ಸುತ್ತುವುದು ಯಾಕೆ ಅಂತ ಗೊತ್ತಾಗುತ್ತದೆ. ಅಂಥವರು ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು, ಪಾದಗಳನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಏನಾದರೂ ಹಿಡಿದುಕೊಂಡು ನಿಂತು, ಆಮೇಲೆ ಹೆಜ್ಜೆ ಇಡಬೇಕು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ತಿರುಗಿದ ಹಾಗಾದರೆ ಅದು ಬೇರೆ. ಕಿವಿಯೊಳಗಿನ ಸಣ್ಣ ಹರಳುಗಳು ಜಾಗ ಬಿಟ್ಟಿರಬಹುದು. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಡಾಕ್ಟರು ಅದನ್ನು ಸರಿಮಾಡುತ್ತಾರೆ. ‘ಪಿತ್ತ’ ಅಂತ ನಿಂಬೆಹಣ್ಣಿನ ಪಾನಕ ಕುಡಿದು ವರ್ಷಗಟ್ಟಲೆ ತಳ್ಳುವವರಿದ್ದಾರೆ.

ಕಣ್ಣು. ಪೊರೆ ಇದ್ದರೆ ‘ಇನ್ನೂ ಹಣ್ಣಾಗಲಿ’ ಅಂತ ಕಾಯಬೇಡಿ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನಲ್ಲಿ ನಡೆದ ಒಂದು ಪ್ರಯೋಗದಲ್ಲಿ ಮೊದಲ ಕಣ್ಣಿನ ಪೊರೆಯನ್ನು ಬೇಗ ತೆಗೆಸಿಕೊಂಡ ಹೆಂಗಸರು ಬೀಳುವುದು 34% ಕಡಿಮೆಯಾಗಿತ್ತು. ಇನ್ನು ಓದುವುದಕ್ಕೂ ದೂರಕ್ಕೂ ಒಂದೇ ಇರುವ ಕನ್ನಡಕ ಹಾಕಿಕೊಂಡು ಮೆಟ್ಟಿಲು ಇಳಿಯುವಾಗ ಕೆಳಗಿನ ಮೆಟ್ಟಿಲು ಮಬ್ಬಾಗಿ ಕಾಣುತ್ತದೆ. ಹೊರಗೆ ಓಡಾಡಲು ಬರೀ ದೂರದ ಕನ್ನಡಕ ಒಂದಿರಲಿ.

ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ ಹಿರಿಯರಿಗೇ ಕ್ಲಿನಿಕ್, ಫಿಸಿಯೋಥೆರಪಿ ನಡೆಯುತ್ತದೆ. ಖಾಸಗಿಗೆ ದುಡ್ಡು ಸುರಿಯುವ ಮೊದಲು ಅಲ್ಲಿ ವಿಚಾರಿಸಿ.

4. ಕಾಲು ರೆಡಿ ಮಾಡುವುದು

ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಒಂದು ಕಾರ್ಯಕ್ರಮ ಸಿದ್ಧಪಡಿಸಿದರು. ಜಿಮ್ ಇಲ್ಲ, ಯಂತ್ರ ಇಲ್ಲ. ಮನೆಯಲ್ಲೇ ಸುಮಾರು ಅರ್ಧ ಗಂಟೆ, ವಾರಕ್ಕೆ ಮೂರು ದಿನ ಕಾಲಿನ ಶಕ್ತಿ ಮತ್ತು ಸಮತೋಲನದ ಅಭ್ಯಾಸ, ಜೊತೆಗೆ ಎರಡು ದಿನ ವಾಕಿಂಗ್. ಅವರ ಪ್ರಯೋಗಗಳಲ್ಲಿ ಬೀಳುವುದು 35% ಕಡಿಮೆಯಾಯಿತು. ಕೆಳಗೆ ಹೇಳಿರುವುದು ಹೆಚ್ಚುಕಡಿಮೆ ಅದೇ ದಾರಿಯದು, ನಮ್ಮ ಮನೆಗೆ ಒಗ್ಗಿಸಿಕೊಂಡದ್ದು.

*ಕುರ್ಚಿಯಿಂದ ಏಳುವುದು.* ಒಂದೇ ಒಂದು ಮಾಡುತ್ತೇನೆ ಅಂದರೆ ಇದನ್ನು ಮಾಡಿ. ಕುರ್ಚಿಯ ಮುಂದಿನ ಅಂಚಿಗೆ ಬನ್ನಿ. ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಎದ್ದು ನಿಲ್ಲಿ. ಎಷ್ಟೋ ಜನ ಮುಂದೆ ಬಾಗದೆ ಮೇಲಕ್ಕೆ ಏಳಲು ಹೋಗುತ್ತಾರೆ, ಅದಕ್ಕೇ ಆಗುವುದಿಲ್ಲ. ಕೂರುವಾಗ ಧಡಕ್ಕನೆ ಕೂರಬೇಡಿ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತಾ ಇಳಿಯಿರಿ. ಶಕ್ತಿ ಬೆಳೆಯುವುದು ಇಳಿಯುವಾಗಲೇ ಜಾಸ್ತಿ. ಆಗದಿದ್ದರೆ ಕುರ್ಚಿ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿ, ಕೈ ಊರಿ ಏಳಿ. ವಾರ ವಾರಕ್ಕೆ ಒಂದೊಂದು ದಿಂಬು ತೆಗೆಯಿರಿ, ಆಮೇಲೆ ಎರಡು ಕೈ ಬದಲು ಒಂದು ಕೈ ಊರಿ. ಐದರಿಂದ ಶುರು ಮಾಡಿ ಹತ್ತಕ್ಕೆ ಬನ್ನಿ. ಅಮ್ಮ ಇದನ್ನು ಸೀರಿಯಲ್ ನಡುವಿನ ಜಾಹೀರಾತಿನಲ್ಲಿ ಮಾಡುತ್ತಾಳೆ. ಒಂದು ಸೀರಿಯಲ್‌ಗೆ ಜಾಹೀರಾತು ಎಷ್ಟು ಸಲ ಬರುತ್ತದೆ ಅಂತ ನಿಮಗೇ ಗೊತ್ತು.

*ಹಿಮ್ಮಡಿ ಎತ್ತುವುದು.* ಕಿಟಕಿ ಸರಳು ಅಥವಾ ಭಾರದ ಟೇಬಲ್ ಹಿಡಿದು ನಿಂತು, ಎರಡೂ ಹಿಮ್ಮಡಿ ಎತ್ತಿ, ನಿಧಾನ ಇಳಿಸಿ. ಹತ್ತು ಸಲ. ಆಮೇಲೆ ಹಿಮ್ಮಡಿ ನೆಲದ ಮೇಲಿಟ್ಟು ಬೆರಳುಗಳ ಕಡೆ ಎತ್ತಿ, ಹತ್ತು ಸಲ. ಹೊಸ್ತಿಲಿಗೆ ಬೆರಳು ಎಡವುವುದು ಈ ಎರಡನೆಯದು ಸೋತಾಗ.

*ಪಕ್ಕಕ್ಕೆ ಕಾಲು.* ಅದೇ ಸರಳು ಹಿಡಿದು ನೇರ ನಿಂತು, ಒಂದು ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸಿ. ಮೈ ವಾಲಬಾರದು. ಎಂಟು ಹತ್ತು ಸಲ, ಆಮೇಲೆ ಇನ್ನೊಂದು ಕಾಲು. ಸೊಂಟದ ಪಕ್ಕದ ಈ ಸ್ನಾಯುವೇ ಪಕ್ಕಕ್ಕೆ ವಾಲಿ ಬೀಳದಂತೆ ತಡೆಯುವುದು.

*ಹೆಜ್ಜೆ ನಮಸ್ಕಾರ.* ಫಿಸಿಯೋಥೆರಪಿಸ್ಟ್ ಒಬ್ಬರು ಅಮ್ಮನಿಗೆ ‘ಹಿಮ್ಮಡಿ ಬೆರಳಿಗೆ ತಾಗಿಸಿ ನೇರ ಗೆರೆ ಮೇಲೆ ನಡೀರಿ’ ಅಂತ ತೋರಿಸಿದಾಗ ಅವಳು ನಕ್ಕಳು. ‘ಇದು ಹೆಜ್ಜೆ ನಮಸ್ಕಾರ ಅಲ್ವಾ? ರಾಯರ ಮಠದಲ್ಲಿ ಎಷ್ಟು ಹಾಕಿಲ್ಲ ನಾನು!’ ನಿಜವೇ. ಹೆಜ್ಜೆಗೆ ಹೆಜ್ಜೆ ಕೂಡಿಸಿ ಗುಡಿ ಸುತ್ತುವ ಆ ಸೇವೆಯೂ, ಆಸ್ಪತ್ರೆಯಲ್ಲಿ ಹೇಳಿಕೊಡುವ ಸಮತೋಲನದ ನಡಿಗೆಯೂ ಕಾಲಿಗೆ ಒಂದೇ. ಅಡುಗೆ ಕಟ್ಟೆಯ ಉದ್ದಕ್ಕೂ ಒಂದು ಕೈ ತಾಗಿಸಿಕೊಂಡು ಹತ್ತು ಹೆಜ್ಜೆ, ತಿರುಗಿ ಹತ್ತು ಹೆಜ್ಜೆ. ಮೊದಲು ಅಂಗೈ, ಆಮೇಲೆ ಎರಡು ಬೆರಳು, ಆಮೇಲೆ ಕೈ ಬರೀ ಕಟ್ಟೆಯ ಮೇಲೆ ತೇಲುತ್ತಿರಲಿ. ಒಂದು ಮಾತು: ಒಲೆ ಉರಿಯುತ್ತಿರುವಾಗ ಬೇಡ. ಹಾಲು ಕಾಯಿಸುತ್ತಾ ಒಂಟಿ ಕಾಲಲ್ಲಿ ನಿಲ್ಲಿ ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ, ಸೆರಗು ಇದೆ, ಬೆಂಕಿ ಇದೆ.

*ಒಂಟಿ ಕಾಲು.* ಯೋಗ ಕಲಿತವರು ವೃಕ್ಷಾಸನ ಅನ್ನಿ. ಗೋಡೆ ಮೂಲೆಯಲ್ಲಿ ಬೆನ್ನು ಮೂಲೆಗೆ ಕೊಟ್ಟು, ಎದುರಿಗೆ ಕುರ್ಚಿ ಇಟ್ಟುಕೊಂಡು ನಿಲ್ಲಿ. ಹಿಂದೆ ಬಿದ್ದರೆ ಗೋಡೆ, ಮುಂದೆ ಬಿದ್ದರೆ ಕುರ್ಚಿ. ಒಂದು ಕಾಲಿನ ಪಾದವನ್ನು ನೆಲದಿಂದ ಎರಡಿಂಚು ಎತ್ತಿದರೂ ಸಾಕು. 10 ಸೆಕೆಂಡ್.

ಸಮತೋಲನದ ಅಭ್ಯಾಸದಲ್ಲಿ ಮೈ ಸ್ವಲ್ಪ ತೂಗಾಡಬೇಕು. ಏನೂ ಅಲುಗಾಡದೆ ಆರಾಮಾಗಿ ಮಾಡುತ್ತಿದ್ದರೆ ಅದು ಅಭ್ಯಾಸ ಅಲ್ಲ, ಸುಮ್ನೆ ನಿಂತದ್ದು. ಸುಲಭವಾದ ಕೂಡಲೇ ಒಂದು ಮೆಟ್ಟಿಲು ಕಷ್ಟ ಮಾಡಿ. ಕುರ್ಚಿಯಲ್ಲಿ ಕೂತು ಕೈ ಕಾಲು ಆಡಿಸುವುದಷ್ಟೇ ಮಾಡಿಸಿ ‘ವ್ಯಾಯಾಮ ಆಯ್ತು’ ಅನ್ನುವ ಕ್ಲಾಸುಗಳಿವೆ. ಹಾಸಿಗೆ ಹಿಡಿದವರಿಗೆ ಅದು ಸರಿ, ನಿಲ್ಲಬಲ್ಲವರಿಗೆ ಅದು ಸಾಲದು. ಎದೆ ನೋವು, ತಲೆ ಸುತ್ತು, ಮಾತಾಡಲೂ ಆಗದಷ್ಟು ಏದುಸಿರು ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ.

ತಟ್ಟೆಯ ಕಡೆಯೂ ಒಂದು ಕಣ್ಣಿರಲಿ. ಬರೀ ಅನ್ನ ತಿಳಿಸಾರು ಉಂಡು ತೊಡೆ ಬೆಳೆಯುವುದಿಲ್ಲ. ಬೇಳೆ, ಕಾಳಿನ ಉಸಲಿ, ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿ.

5. ಬಿಡದೆ ನಡೆಸುವುದು

ಮೊದಲ ವಾರ ಹುರುಪು, ಮೂರನೇ ವಾರ ಮದುವೆಗೆ ಹೋಗಬೇಕು, ನಾಲ್ಕನೇ ವಾರ ನೆಗಡಿ, ಐದನೇ ವಾರಕ್ಕೆ ಮರೆತೇಹೋಗಿರುತ್ತದೆ. ಇದು ಎಲ್ಲರ ಮನೆಯಲ್ಲೂ ಆಗುವುದೇ. ನಮಗೆ ಕೆಲಸ ಮಾಡಿದ್ದು ಹೊಸದಾಗಿ ಹೊತ್ತು ಹುಡುಕದೆ, ಇರುವ ಅಭ್ಯಾಸಕ್ಕೆ ಕಟ್ಟಿದ್ದು: ದೇವರ ದೀಪ ಹಚ್ಚಿದ ಮೇಲೆ ಹಿಮ್ಮಡಿ, ಸಂಜೆ ಸೀರಿಯಲ್‌ಗೆ ಕುರ್ಚಿ. ಪಕ್ಕದ ಮನೆಯ ಇಬ್ಬರು ಸೇರಿಕೊಂಡ ಮೇಲೆ ನಾವು ಹೇಳುವುದೇ ಬೇಕಾಗಲಿಲ್ಲ. ‘ಅವರು ಹದಿಮೂರು ಮಾಡಿದ್ರು’ ಅನ್ನುವ ಪೈಪೋಟಿ ಶುರುವಾಯಿತು.

ನೀವು ಮಾಡಬೇಕಾದ ಕಷ್ಟದ ಕೆಲಸ ಒಂದಿದೆ. ಕೈ ಕಟ್ಟಿಕೊಂಡು ನೋಡುತ್ತಾ ನಿಲ್ಲುವುದು. ಅಪ್ಪ ಎದ್ದು ಹೋಗಿ ನೀರು ಕುಡಿಯಲಿ. ಅಮ್ಮ ಸೊಪ್ಪು ಸೋಸಿ, ಎದ್ದು ಹೋಗಿ ತೊಟ್ಟಿಗೆ ಹಾಕಿಬರಲಿ. ನಿಧಾನ ಆಗುತ್ತದೆ, ನಿಮ್ಮ ಆಫೀಸಿಗೆ ಹೊತ್ತಾಗುತ್ತದೆ, ಆದರೂ.

ಕೋಲಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ‘ಕೋಲು ಹಿಡಿದ್ರೆ ಮುದುಕ ಆದೆ ಅಂತಾರೆ’ ಅನ್ನುವವರಿಗೆ ನಾನು ಕೊಡೆ ಕೊಡುತ್ತಿದ್ದೆ, ಅದು ತಪ್ಪು. ಕೊಡೆಯ ತುದಿ ಜಾರುತ್ತದೆ, ಎತ್ತರವೂ ಸರಿಯಿರುವುದಿಲ್ಲ. ಚಪ್ಪಲಿ ಹಾಕಿ ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಇರಬೇಕು. ನೋವಿರುವ ಕಾಲು ಎಡಗಾಲಾದರೆ ಕೋಲು ಬಲಗೈಯಲ್ಲಿ. ತುದಿಯ ರಬ್ಬರ್ ಸವೆದರೆ ತಕ್ಷಣ ಬದಲಿಸಿ. ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಕೇಂದ್ರದ ವಯೋಶ್ರೀ ಯೋಜನೆಯಲ್ಲಿ ಕೋಲು, ವಾಕರ್‌ನಂಥವು ಸಿಗುತ್ತವೆ.

ಅಂದಹಾಗೆ, ಆ ವರ್ಷ ಅಮ್ಮ ಹಾಸನಾಂಬೆ ಕ್ಯೂನಲ್ಲಿ ನಿಂತಳು. ಪೂರ್ತಿ ಅಲ್ಲ, ನಡುವೆ ಒಂದು ಕಡೆ ಕಟ್ಟೆ ಮೇಲೆ ಕೂತು ಎದ್ದಳು. ಆದರೆ ತಾನೇ ಎದ್ದಳು.

6. ಮನೆಯೊಳಗೆ ಒಂದು ಸುತ್ತು

ಅವರನ್ನು ಕೇಳದೆ ಏನನ್ನೂ ಬದಲಿಸಬೇಡಿ. ಅಮ್ಮ ಊರಲ್ಲಿಲ್ಲದಾಗ ನಾನು ಅಡುಗೆಮನೆ ‘ಸರಿ’ ಮಾಡಿದ್ದೆ, ಅವಳು ಬಂದ ಮೇಲೆ ಎರಡು ದಿನ ಮಾತು ಬಿಟ್ಟಿದ್ದಳು. ಜೊತೆಗೆ ಸುತ್ತಿ. ‘ಎಲ್ಲಿ ಜಾರಿದ ಹಾಗಾಗುತ್ತೆ?’ ಅಂತ ಕೇಳಿ.

ಬಚ್ಚಲಿನಿಂದ ಶುರು ಮಾಡಿ. ಹಿರಿಯರು ಏಳುವಾಗ ಟವೆಲ್ ಹಾಕುವ ರಾಡು ಹಿಡಿಯುತ್ತಾರೆ, ಅದು ಗೋಡೆಯಿಂದ ಕಿತ್ತು ಕೈಗೇ ಬರುತ್ತದೆ. ಕಮೋಡ್ ಪಕ್ಕ, ಸ್ನಾನದ ಜಾಗದ ಪಕ್ಕ ಗೋಡೆಗೆ ಗಟ್ಟಿಯಾಗಿ ಸ್ಕ್ರೂ ಹಾಕಿದ ಸ್ಟೀಲ್ ಹಿಡಿಕೆ ಹಾಕಿಸಿ. ಕೂತು ಸ್ನಾನ ಮಾಡಲಿ, ಸ್ಟೂಲಿನ ಕಾಲಿಗೆ ರಬ್ಬರ್ ಇರಲಿ. ಎಣ್ಣೆ ಸ್ನಾನದ ದಿನ ಅಂಗಾಲಿಗೆ ಎಣ್ಣೆ ಬೇಡ, ಹಬ್ಬದ ದಿನವೇ ಎಷ್ಟೋ ಜನ ಬೀಳುವುದು ಇದಕ್ಕೆ. ಒಳಗಿಂದ ಚಿಲಕ ಹಾಕಬೇಡಿ, ಬಾಗಿಲಿಗೆ ಒಂದು ಟವೆಲ್ ಸಿಕ್ಕಿಸಿದರೆ ಒಳಗೆ ಜನ ಇದ್ದಾರೆ ಅಂತ ಗುರುತು ಮಾಡಿಕೊಳ್ಳಿ.

ಕಾಲೊರಸು ಇನ್ನೊಂದು ಶತ್ರು. ಹಳೇ ಬೆಡ್‌ಶೀಟ್ ಮಡಿಸಿ ಬಾಗಿಲಲ್ಲಿ ಹಾಕುವ ಅಭ್ಯಾಸ ನಮ್ಮೆಲ್ಲರ ಮನೆಯಲ್ಲಿದೆ. ನುಣುಪು ಟೈಲ್ಸ್ ಮೇಲೆ ಅದು ಜಾರುಬಂಡೆ. ಕೆಳಗೆ ರಬ್ಬರ್ ಇರುವುದನ್ನು ತನ್ನಿ, ಇಲ್ಲವೇ ತೆಗೆದುಹಾಕಿ. ಮುಂಬಾಗಿಲ ಹೊಸ್ತಿಲಿಗೆ ಅರಿಶಿನ ಬಳಿಯುವುದರಿಂದ ಅದು ಕಣ್ಣಿಗೆ ಕಾಣುತ್ತದೆ. ಬಚ್ಚಲ ಹೊಸ್ತಿಲು ಬೂದು ಕಲ್ಲು, ನೆಲವೂ ಬೂದು. ಅದಕ್ಕೊಂದು ಹಳದಿ ಟೇಪ್ ಅಂಟಿಸಿ.

ರಾತ್ರಿ ಮೂತ್ರಕ್ಕೆ ಏಳುವ ದಾರಿಯಲ್ಲಿ ಸಣ್ಣ ದೀಪ, ಕರೆಂಟ್ ಹೋದರೆ ಅಂತ ದಿಂಬಿನ ಪಕ್ಕ ಟಾರ್ಚ್. ನೆಲಕ್ಕೆ ತಾಗುವ ನೈಟಿ, ಪಂಚೆ ಎರಡಿಂಚು ಮೇಲಕ್ಕೆ. ಸವೆದ ಹವಾಯಿ ಚಪ್ಪಲಿ ಕಸಕ್ಕೆ, ಹಿಮ್ಮಡಿಗೆ ಪಟ್ಟಿ ಇರುವುದು ಕಾಲಿಗೆ. ಮನೆಯೊಳಗೆ ಚಪ್ಪಲಿ ಒಪ್ಪದವರಿದ್ದರೆ ಬರಿಗಾಲು ಪರವಾಗಿಲ್ಲ, ನೆಲ ಒಣಗಿರಲಿ. ನುಣುಪು ಸಾಕ್ಸ್ ಮಾತ್ರ ಬೇಡ. ಮಳೆಗಾಲದಲ್ಲಿ ಅಂಗಳದ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ. ಅಟ್ಟದ ಮೇಲಿನ ಪಾತ್ರೆಗೆ ಸ್ಟೂಲ್ ಹತ್ತುವುದು ನಿಲ್ಲಬೇಕಾದರೆ ದಿನಾ ಬೇಕಾಗುವ ಪಾತ್ರೆಯನ್ನು ಸೊಂಟದ ಎತ್ತರಕ್ಕೆ ಇಳಿಸಿ.

7. ಆದರೂ ಬಿದ್ದರೆ

ಯಾರಾದರೂ ಬಿದ್ದ ಕೂಡಲೇ ನಾವು ನಾಲ್ಕು ಜನ ಓಡಿಹೋಗಿ ಕಂಕುಳಿಗೆ ಕೈ ಹಾಕಿ ಎತ್ತುತ್ತೇವೆ. ಹಾಗೆ ಮಾಡಬೇಡಿ. ಮೊದಲು ಮಾತಾಡಿಸಿ, ಹಾಗೇ ಒಂದು ನಿಮಿಷ ಮಲಗಿರಲಿ. ತೊಡೆಸಂದಿನಲ್ಲಿ ತೀವ್ರ ನೋವಿದ್ದರೆ, ಒಂದು ಕಾಲು ಗಿಡ್ಡ ಕಂಡು ಹೊರಗೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಕುತ್ತಿಗೆ ನೋವು, ಎಚ್ಚರ ತಪ್ಪಿದ್ದು, ಕೈಕಾಲು ಆಡದಿರುವುದು ಇದ್ದರೂ ಅಷ್ಟೇ. ಅಲ್ಲಾಡಿಸದೆ 108ಕ್ಕೆ ಕರೆ ಮಾಡಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ಮೇಲೆ ಏನೂ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಪೆಟ್ಟಿಲ್ಲದಿದ್ದರೆ ಅವರೇ ಏಳಲಿ, ಹೀಗೆ:

ಪಕ್ಕಕ್ಕೆ ಹೊರಳಿ. ಮೊಣಕೈ ಊರಿ, ಆಮೇಲೆ ಅಂಗೈ ಊರಿ ಮೈ ಎತ್ತಿ. ಅಂಬೆಗಾಲಿಗೆ ಬನ್ನಿ. ಹಾಗೇ ತೆವಳಿಕೊಂಡು ಹತ್ತಿರದ ಗಟ್ಟಿ ಕುರ್ಚಿಗೋ ಮಂಚಕ್ಕೋ ಹೋಗಿ. ಅದರ ಮೇಲೆ ಎರಡೂ ಕೈ ಇಡಿ. ಬಲವಾದ ಕಾಲಿನ ಪಾದವನ್ನು ಮುಂದೆ ತಂದು ನೆಲಕ್ಕೆ ಊರಿ. ಕೈ ಮತ್ತು ಆ ಕಾಲಿನಿಂದ ಒತ್ತಿ ಎದ್ದು, ತಿರುಗಿ ಕೂರಿ. ತಕ್ಷಣ ನಡೆಯಬೇಡಿ.

ಇದನ್ನು ಬೀಳುವ ಮೊದಲೇ, ಚಾಪೆ ಹಾಸಿ, ನೀವು ಪಕ್ಕದಲ್ಲಿದ್ದು ಒಂದೆರಡು ಸಲ ಅಭ್ಯಾಸ ಮಾಡಿಸಿ. ಏಳಲು ಬರುತ್ತದೆ ಅಂತ ಗೊತ್ತಾದ ದಿನ ಬೀಳುವ ಭಯ ಅರ್ಧ ಇಳಿಯುತ್ತದೆ, ನಮ್ಮಮ್ಮನಲ್ಲಿ ಅದನ್ನು ಕಣ್ಣಾರೆ ನೋಡಿದೆ.

ಬಿದ್ದದ್ದನ್ನು ಹಿರಿಯರು ಮುಚ್ಚಿಡುತ್ತಾರೆ. ಮಕ್ಕಳು ಬೈದಾರು, ಒಬ್ಬಳೇ ಇರಲು ಬಿಡುವುದಿಲ್ಲ ಅಂದಾರು ಅಂತ. ಹೇಳಿದರೆ ಬೈಯುವುದಿಲ್ಲ ಅಂತ ಮೊದಲೇ ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಒಬ್ಬರೇ ಇರುವವರಾದರೆ ಮೊಬೈಲ್ ಯಾವಾಗಲೂ ಜೇಬಿನಲ್ಲೋ, ಕುತ್ತಿಗೆಗೆ ಹಾಕಿದ ಸಣ್ಣ ಚೀಲದಲ್ಲೋ ಇರಲಿ, ಬಚ್ಚಲಿಗೆ ಹೋಗುವಾಗಲೂ. ಪಕ್ಕದ ಮನೆಯಲ್ಲಿ ಒಂದು ಬೀಗದ ಕೈ ಕೊಟ್ಟಿಡಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ಇದನ್ನು, 108ನ್ನು, ನಿಮ್ಮ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಫ್ರಿಜ್ ಮೇಲೆ ಒಂದು, ನೆಲದಲ್ಲಿ ಮಲಗಿದವರಿಗೆ ಕಾಣುವ ಹಾಗೆ ಮಂಚದ ಕಾಲಿನ ಹತ್ತಿರ ಗೋಡೆಗೆ ಇನ್ನೊಂದು.